ಫಿಲ್ಟರ್ ಇದೆಯಲ್ಲ, ಕುಡಿಯೋ!

ಭಾಗ 1/9: ಫೋಟೋದಲ್ಲಿ ಕಾಣದ್ದು

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ನಾವು ನಾಲ್ಕು ಜನ ಘಟ್ಟಕ್ಕೆ ಟ್ರೆಕ್ ಹೋಗಿದ್ವಿ. ಫೋಟೋ ನೀವೆಲ್ಲ ನೋಡಿದೀರಿ, ಲೈಕೂ ಕೊಟ್ಟಿದೀರಿ. ಅದರಲ್ಲಿ ಕಾಣದ ಒಂದು ವಿಷಯ ಇವತ್ತು ಹೇಳ್ತೀನಿ.

ಎರಡನೇ ದಿನ ಮಧ್ಯಾಹ್ನ ಎಲ್ಲರ ಬಾಟಲಿಯೂ ಖಾಲಿ. ಪಕ್ಕದಲ್ಲೇ ಹಳ್ಳ, ನೀರು ಕನ್ನಡಿ ಥರ ತಿಳಿ. ಸ್ವಲ್ಪ ಮೇಲೆ ದನ ಮೇಯ್ತಿದ್ವು. ಇನ್ನೂ ಮೇಲೆ ಎರಡು ಮನೆ. ನನ್ನ ರೂಮ್‌ಮೇಟ್ ‘ಬೇಡ ಮಗಾ, ಕೆಳಗೆ ಹೋಗಿ ಕುಡಿಯೋಣ’ ಅಂದ. ನಾನು ಆನ್‌ಲೈನಲ್ಲಿ ತರಿಸಿದ್ದ ಹೊಸ ಫಿಲ್ಟರ್ ತೆಗೆದು, ಎಲ್ಲ ಗೊತ್ತಿರೋನ ಹಾಗೆ ‘ಫಿಲ್ಟರ್ ಇದೆಯಲ್ಲ, ಕುಡಿಯೋ’ ಅಂದೆ. ಕುಡಿದ. ನಾವೂ ಕುಡಿದ್ವಿ.

ನಾಲ್ಕು ವಾರ ಆದ ಮೇಲೆ ಅವನಿಗೆ ಕಾಮಾಲೆ. ಡಾಕ್ಟರ್ ಹೆಪಟೈಟಿಸ್ ಎ ಅಂದ್ರು. ನೀರು ಅಥವಾ ಊಟದ ಮೂಲಕ ಬರೋ ವೈರಸ್. ಸೆಮ್ ಪರೀಕ್ಷೇಲಿ ಎರಡು ಪೇಪರ್ ತಪ್ಪಿ ಹೋದ್ವು. ಉಳಿದ ಮೂವರಿಗೆ ಏನೂ ಆಗಲಿಲ್ಲ.

ಆ ಹಳ್ಳದ ನೀರಿಂದಲೇ ಬಂತು ಅಂತ ಆಣೆ ಮಾಡಿ ಹೇಳೋಕೆ ಆಗಲ್ಲ. ಅದೇ ತಿಂಗಳು ಅವನು ಪಾನಿಪುರಿನೂ ತಿಂದಿದ್ದ, ಹಾಸ್ಟೆಲ್ ನೀರೂ ಕುಡಿದಿದ್ದ. ಆದ್ರೆ ‘ಕುಡಿಯೋ’ ಅಂದಿದ್ದು ನಾನು. ಆ ಮಾತು ತಲೆಯಿಂದ ಹೋಗಲಿಲ್ಲ. ಅಕೌಂಟ್ಸ್ ಬಿಟ್ಟು ನೀರಿನ ಫಿಲ್ಟರ್ ಇತಿಹಾಸ ಓದೋಕೆ ಕೂತೆ. ಎರಡು ಪ್ರಶ್ನೆ ಇಟ್ಕೊಂಡಿದ್ದೆ: ಫಿಲ್ಟರ್‌ನಿಂದ ಏನು ತಪ್ಪಿಸ್ಕೊಂಡು ಹೋಗುತ್ತೆ? ಫಿಲ್ಟರನ್ನ ಯಾರು ನೋಡ್ಕೋತಾರೆ?

ಮುಂದಿನ ಟ್ರೆಕ್‌ಗೆ ಮೊದಲು ನೀವೂ ಓದ್ಬಿಡಿ.

ಭಾಗ 2/9: ಅಜ್ಜಿಯ ಅರಿವೆ

ನಮ್ಮ ಅಜ್ಜಿ ಊರು ರಾಯಚೂರು ಜಿಲ್ಲೆ. ಮನೆಗೆ ನಲ್ಲಿ ಬಂದು ಎಷ್ಟೋ ವರ್ಷ ಆಯ್ತು. ಆದ್ರೂ ಕೊಡದ ಬಾಯಿಗೆ ಬಿಳಿ ಅರಿವೆ ಕಟ್ಟದೆ ಅವರು ನೀರು ತುಂಬಲ್ಲ. ಆ ಬಟ್ಟೆಯ ಒಂದು ಮಗ್ಗುಲಿಗೆ ಮಾತ್ರ ಕಾಣೋ ಹಾಗೆ ಕೆಂಪು ದಾರದಲ್ಲಿ ಒಂದು ಗುರುತು ಹೊಲಿದಿದಾರೆ. ಚಿಕ್ಕವನಿದ್ದಾಗ ಯಾಕೆ ಅಂತ ಕೇಳಿದ್ದೆ.

‘ಕೆಂಪು ದಾರ ಮ್ಯಾಲ ಇರಬೇಕು ತಮ್ಮಾ. ತಿರುವಿ ಕಟ್ಟಿದಿ ಅಂದ್ರ ನಿನ್ನೆ ಹೊಲಸೆಲ್ಲಾ ಇವತ್ತಿನ ಕೊಡದಾಗ ಬೀಳತೈತಿ.’

ಅಜ್ಜಿ ಹೆದರಿದ್ದು ನಾರು ಹುಣ್ಣಿಗೆ. ಇವತ್ತು ನಮ್ಮ ವಯಸ್ಸಿನವರಿಗೆ ಆ ಹೆಸರೇ ಗೊತ್ತಿಲ್ಲ. ಕೆರೆ, ಮೆಟ್ಟಿಲು ಬಾವಿ ನೀರಲ್ಲಿ ಸೈಕ್ಲಾಪ್ಸ್ ಅನ್ನೋ ಚುಕ್ಕೆಯಷ್ಟು ಜೀವಿ ಇರುತ್ತೆ. ಅದರ ಹೊಟ್ಟೇಲಿ ಹುಳುವಿನ ಮರಿ. ನೀರಿನ ಜೊತೆ ಅದನ್ನ ಕುಡಿದ್ರೆ ಸುಮಾರು ಒಂದು ವರ್ಷ ಏನೂ ಗೊತ್ತಾಗಲ್ಲ. ಆಮೇಲೆ ಕಾಲಲ್ಲಿ ಬೊಕ್ಕೆ ಎದ್ದು, ದಾರದ ಥರ ಹುಳು ಹೊರಗೆ ಬರುತ್ತೆ. ಉದ್ದ ಹೆಚ್ಚುಕಡಿಮೆ ಒಂದು ಮೀಟರ್! ಎಳೆದ್ರೆ ತುಂಡಾಗುತ್ತೆ, ಅದಕ್ಕೆ ಕಡ್ಡಿಗೆ ದಿನಾ ಸ್ವಲ್ಪ ಸ್ವಲ್ಪ ಸುತ್ತಿ ತೆಗೀಬೇಕು. ಉರಿ ತಾಳಲಾರದೆ ಕಾಲನ್ನ ಬಾವಿ ನೀರಿಗೆ ಇಟ್ರೆ ಹುಳು ಮತ್ತೆ ಮರಿಗಳನ್ನ ಬಿಡುತ್ತೆ. ಚಕ್ರ ಮತ್ತೆ ಶುರು.

ಇದಕ್ಕೆ ಲಸಿಕೆ ಇಲ್ಲ, ಹುಳು ಕೊಲ್ಲೋ ಔಷಧಿಯೂ ಇಲ್ಲ. ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಇದ್ದ ಈ ರೋಗದ ವಿರುದ್ಧ ಭಾರತ 1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿದ್ರು, ಬೋರ್‌ವೆಲ್ ಕೊರೆಸಿದ್ರು, ಬಾವಿಗೆ ಸೈಕ್ಲಾಪ್ಸ್ ಕೊಲ್ಲೋ ಔಷಧ ಹಾಕಿದ್ರು, ಮನೆಮನೆಗೆ ನೀರು ಸೋಸೋ ಬಟ್ಟೆ ಕೊಟ್ರು. ದೇಶದ ಕೊನೆಯ ರೋಗಿ ರಾಜಸ್ಥಾನದಲ್ಲಿ, 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಈ ರೋಗದಿಂದ ಮುಕ್ತ ಅಂತ ಘೋಷಿಸಿತು.

ಒಂದು ರೋಗವನ್ನ ದೇಶದಿಂದ ಓಡಿಸೋದ್ರಲ್ಲಿ ಬಟ್ಟೆಗೂ ಪಾಲಿದೆ. ಆದ್ರೆ ತಿರುವಿ ಕಟ್ಟದ ಬಟ್ಟೆಗೆ ಮಾತ್ರ. ಆ ಕೆಂಪು ದಾರ ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಭಾಗ 3/9: ತಿಳಿ ನೀರಿನ ಮೋಸ

ಬಟ್ಟೇಲಿ ಸೋಸೋದು ಹೊಸದೇನಲ್ಲ. ಕಲಕಿದ ನೀರನ್ನ ತಿಳಿ ಮಾಡೋ ವಸ್ತುಗಳ ಪಟ್ಟಿ ಸುಶ್ರುತ ಸಂಹಿತೆಯಲ್ಲೇ ಇದೆ. ಅದರಲ್ಲಿ ಚಿಲ್ಲದ ಬೀಜವೂ ಇದೆ, ಬಟ್ಟೆಯೂ ಇದೆ. ಜೈನರ ಮನೆಗಳಲ್ಲಿ ಇವತ್ತಿಗೂ ಸೋಸದ ನೀರು ಕುಡಿಯಲ್ಲ. ಅವರದು ಜೀವಿಗಳಿಗೆ ಹಿಂಸೆ ಆಗಬಾರದು ಅನ್ನೋ ಕಾರಣ. ಸೋಸಿದಾಗ ಬಟ್ಟೇಲಿ ಉಳಿದದ್ದನ್ನ ವಾಪಸ್ ಅದೇ ನೀರಿಗೆ ಬಿಡೋ ಪದ್ಧತಿಯೂ ಇದೆ.

2003ರಲ್ಲಿ ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ತಂಡ ಬಾಂಗ್ಲಾದೇಶದ ಹಳ್ಳಿಗಳ ಒಂದು ಅಧ್ಯಯನ ಪ್ರಕಟಿಸಿದ್ರು. ಹಳೇ ಕಾಟನ್ ಸೀರೆಯನ್ನ ನಾಲ್ಕು ಪದರ ಮಡಚಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ 48% ಕಡಿಮೆ ಆಗಿತ್ತು. ಕಾಲರಾ ಬ್ಯಾಕ್ಟೀರಿಯಾ ಬಟ್ಟೆಯ ರಂಧ್ರಕ್ಕಿಂತ ತುಂಬಾ ಚಿಕ್ಕದು. ಆದ್ರೆ ಅದು ನೀರಿನ ಚಿಕ್ಕ ಜೀವಿಗಳ ಮೈಗೆ ಅಂಟ್ಕೊಂಡಿರುತ್ತೆ. ಸೀರೆ ಹಿಡಿಯೋದು ಆ ಗಾಡಿಯನ್ನ, ಜೊತೆಗೆ ಪ್ರಯಾಣಿಕನೂ ಸಿಕ್ಕಿಬೀಳ್ತಾನೆ.

ಆದ್ರೆ 48% ಅಂದ್ರೆ ಅರ್ಧ. ಉಳಿದರ್ಧ?

ಅದಕ್ಕೆ 1854ರ ಲಂಡನ್ನಿಗೆ ಹೋಗಬೇಕು. ಬ್ರಾಡ್ ಸ್ಟ್ರೀಟ್ ಅನ್ನೋ ಬೀದಿಯ ಪಂಪಿನ ನೀರು ರುಚಿಯಾಗಿದೆ ಅಂತ ಜನ ಇಷ್ಟಪಡ್ತಿದ್ರು. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆ ಅದೇ ನೀರು ಬೇಕು ಅಂತ ಗಾಡೀಲಿ ತರಿಸಿ ಕುಡೀತಿದ್ರು. ಆ ಊರಲ್ಲಿ ಕಾಲರಾ ಇರಲಿಲ್ಲ. ಅವರು ಕಾಲರಾದಿಂದ ತೀರ್ಕೊಂಡ್ರು. ಡಾಕ್ಟರ್ ಜಾನ್ ಸ್ನೋ ಸಾವುಗಳ ಲೆಕ್ಕ ಹಾಕಿ, ಎಲ್ಲವೂ ಆ ಪಂಪಿನ ಕಡೆಗೇ ಬೆರಳು ಮಾಡ್ತಿವೆ ಅಂತ ತೋರಿಸಿ, ಪಂಪಿನ ಹಿಡಿಕೆ ತೆಗೆಸಿದ್ರು. ಆ ಬಡಾವಣೆಯಲ್ಲಿ ಸತ್ತವರು 600ಕ್ಕೂ ಹೆಚ್ಚು.

ನಾನು ಘಟ್ಟದ ಹಳ್ಳ ನೋಡಿ ‘ಕನ್ನಡಿ ಥರ ಇದೆ’ ಅಂದ್ಕೊಂಡಿದ್ದೆ ಅಲ್ವಾ? ಕಣ್ಣನ್ನ ನಂಬಬೇಡಿ.

ಭಾಗ 4/9: ಪಿಂಗಾಣಿ ಕೊಳವೆ

1884. ಕೋಲ್ಕತ್ತಾದ ಕೆರೆ ನೀರು ಮತ್ತು ರೋಗಿಗಳನ್ನ ಪರೀಕ್ಷಿಸಿದ ಜರ್ಮನಿಯ ರಾಬರ್ಟ್ ಕಾಖ್, ಕಾಲರಾಗೆ ಕಾರಣ ಈ ಬ್ಯಾಕ್ಟೀರಿಯಾ ಅಂತ ವರದಿ ಕಳಿಸಿದ್ರು. ಅದೇ ವರ್ಷ ಪ್ಯಾರಿಸ್‌ನಲ್ಲಿ, ಲೂಯಿ ಪಾಶ್ಚರ್ ಜೊತೆ ಕೆಲಸ ಮಾಡ್ತಿದ್ದ ಚಾರ್ಲ್ಸ್ ಚೇಂಬರ್‌ಲ್ಯಾಂಡ್ ಒಂದು ಫಿಲ್ಟರ್ ಮಾಡಿದ್ರು. ಮೇಲೆ ಹೊಳಪು ಹಚ್ಚದ ಪಿಂಗಾಣಿಯ ಕೊಳವೆ, ನೋಡೋಕೆ ಮೇಣದ ಬತ್ತಿ ಥರ. ನೀರು ಅದರ ಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿ ಜಿನುಗಬೇಕು. ಬ್ಯಾಕ್ಟೀರಿಯಾ ಹೊರಗೇ ಉಳಿಯುತ್ತೆ. ಮನೇಲಿ ಸ್ಟೀಲ್ ಫಿಲ್ಟರಿನ ಒಳಗಿರುತ್ತಲ್ಲ, ‘ಕ್ಯಾಂಡಲ್’? ಅದರ ಹಿರಿಯಣ್ಣ ಇದು.

1891ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಬರ್ಕೆಫೆಲ್ಡ್ ಡಯಾಟಮ್ ಮಣ್ಣಿನಿಂದ ಕ್ಯಾಂಡಲ್ ಮಾಡಿದ್ರು. ಪುರಾತನ ಸೂಕ್ಷ್ಮ ಪಾಚಿಗಳ ಚಿಪ್ಪಿನಿಂದ ಆದ ಮಣ್ಣು ಅದು. ಆಲ್ಫ್ರೆಡ್ ನೊಬೆಲ್ ಡೈನಮೈಟ್ ಮಾಡೋಕೆ ಬಳಸಿದ್ದೂ ಇದೇ ಜಾತಿಯ ಮಣ್ಣು! ಇದರಲ್ಲಿ ನೀರು ಬೇಗ ಇಳೀತಿತ್ತು.

ಮರುವರ್ಷ, 1892ರಲ್ಲಿ, ಹ್ಯಾಂಬರ್ಗ್ ನಗರಕ್ಕೆ ಕಾಲರಾ ಬಂತು. ಆ ನಗರ ಎಲ್ಬೆ ನದಿ ನೀರನ್ನ ಸೋಸದೇ ಕೊಡ್ತಿತ್ತು. ಸುಮಾರು 8,600 ಜನ ಸತ್ರು. ಪಕ್ಕಕ್ಕೇ ಅಂಟ್ಕೊಂಡಿದ್ದ ಆಲ್ಟೋನಾ ಊರು ಅದೇ ನದಿಯ ಕೆಳಭಾಗದಿಂದ, ಹ್ಯಾಂಬರ್ಗಿನ ಕೊಳಚೆ ಸೇರಿದ ನೀರನ್ನೇ ತಗೋತಿತ್ತು. ಆದ್ರೆ ಮರಳಿನ ಫಿಲ್ಟರಿನಲ್ಲಿ ಸೋಸಿ ಕೊಡ್ತಿತ್ತು. ಗಡಿಯ ಒಂದು ಬದಿ ಮನೆಗಳಲ್ಲಿ ಸಾವು, ಇನ್ನೊಂದು ಬದಿ ಬಹುತೇಕ ಆರಾಮ.

ಕಥೆ ಇಲ್ಲಿಗೇ ನಿಲ್ಲಿಸಿದ್ರೆ ಫಿಲ್ಟರ್ ಹೀರೋ. ಆದ್ರೆ ಮುಂದಿನ ಚಳಿಗಾಲದಲ್ಲಿ, 1893ರ ಆರಂಭದಲ್ಲಿ, ಆಲ್ಟೋನಾದಲ್ಲೂ ಕಾಲರಾ ಕಾಣಿಸ್ಕೊಂಡಿತು. ಕೊರೆಯೋ ಚಳಿಗೆ ಮರಳಿನ ಫಿಲ್ಟರ್ ಹೆಪ್ಪುಗಟ್ಟಿ ಕೆಟ್ಟು, ಸರಿಯಾಗಿ ಸೋಸದೇ ಇದ್ದದ್ದೇ ಕಾರಣ ಅಂತ ಕಾಖ್ ಬರೆದ್ರು. ಪಿಂಗಾಣಿ ಕ್ಯಾಂಡಲ್ಲಿಗೂ ಇಂಥದ್ದೇ ಕಾಯಿಲೆ. ಉಜ್ಜಿ, ಕುದಿಸಿ ಶುದ್ಧ ಮಾಡದೇ ಬಿಟ್ರೆ ಬ್ಯಾಕ್ಟೀರಿಯಾ ಗೋಡೆಯೊಳಗೇ ಬೆಳೀತಾ ಬೆಳೀತಾ ಕೆಲವೇ ದಿನದಲ್ಲಿ ಇನ್ನೊಂದು ಬದಿಗೆ ಬಂದ್ಬಿಡುತ್ತೆ.

ಕೆಂಪು ದಾರ ನೆನಪಾಯ್ತಾ?

ಭಾಗ 5/9: ತಪ್ಪಿಸ್ಕೊಂಡದ್ದು

ಈಗ ನನ್ನ ಮೊದಲ ಪ್ರಶ್ನೆ.

1892ರಲ್ಲಿ ರಷ್ಯಾದ ಡಿಮಿಟ್ರಿ ಇವನೋವ್‌ಸ್ಕಿ ರೋಗ ಬಂದ ಹೊಗೆಸೊಪ್ಪಿನ ಎಲೆ ಅರೆದು, ರಸವನ್ನ ಚೇಂಬರ್‌ಲ್ಯಾಂಡ್ ಫಿಲ್ಟರಿನಲ್ಲಿ ಸೋಸಿದ್ರು. ಬ್ಯಾಕ್ಟೀರಿಯಾ ಇದ್ದಿದ್ರೆ ಹೊರಗೇ ಉಳೀಬೇಕಿತ್ತು. ಆದ್ರೆ ಸೋಸಿದ ರಸ ಹಚ್ಚಿದಾಗಲೂ ಒಳ್ಳೇ ಗಿಡಕ್ಕೆ ರೋಗ ಬಂತು. 1898ರಲ್ಲಿ ನೆದರ್‌ಲ್ಯಾಂಡ್ಸಿನ ಮಾರ್ಟಿನಸ್ ಬೈಯೆರಿಂಕ್ ಇದೇ ಪ್ರಯೋಗ ಮಾಡಿ, ಇದು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಬೇರೇನೋ ಅಂದ್ರು. ಅದಕ್ಕೆ ವೈರಸ್ ಅನ್ನೋ ಪದ ಬಳಸಿದ್ರು.

ಯೋಚನೆ ಮಾಡಿ. ವೈರಸ್ ಅನ್ನೋದು ಮನುಷ್ಯರಿಗೆ ಮೊದಲು ಗೊತ್ತಾಗಿದ್ದೇ ‘ಫಿಲ್ಟರಿನಿಂದ ತಪ್ಪಿಸ್ಕೊಳ್ಳೋದು’ ಅಂತ!

ನಮ್ಮ ದೇಶದಲ್ಲೂ ಇದರ ಒಂದು ಎಳೆ ಇದೆ. ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ 1896ರಲ್ಲಿ, ಗಂಗಾ ಯಮುನಾ ನೀರಲ್ಲಿ ಕಾಲರಾ ಬ್ಯಾಕ್ಟೀರಿಯಾ ಕೊಲ್ಲೋ ಏನೋ ಇದೆ, ಅದು ಪಿಂಗಾಣಿ ಫಿಲ್ಟರನ್ನೂ ದಾಟುತ್ತೆ ಅಂತ ಬರೆದ್ರು. ಕುದಿಸಿದ್ರೆ ಆ ಶಕ್ತಿ ಹೋಗುತ್ತೆ ಅಂತಲೂ ಹೇಳಿದ್ರು. ಅದು ಬ್ಯಾಕ್ಟೀರಿಯಾವನ್ನ ತಿನ್ನೋ ವೈರಸ್ ಇರಬಹುದು ಅಂತ ಆಮೇಲಿನವರು ಊಹಿಸಿದ್ರು.

ಈಗ ನಮ್ಮ ಬ್ಯಾಗಿನ ಲೆಕ್ಕ. ಒಂದು ಮಿಲಿಮೀಟರ್ ಅಂದ್ರೆ 1,000 ಮೈಕ್ರಾನ್. ಹೊಟ್ಟೆ ಕೆಡಿಸೋ ಜಿಯಾರ್ಡಿಯಾದ ಸಿಸ್ಟ್ ಸುಮಾರು 10 ಮೈಕ್ರಾನ್. ಕ್ರಿಪ್ಟೋಸ್ಪೊರಿಡಿಯಂ ಸುಮಾರು 5. ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್. ಟ್ರೆಕ್ಕಿಂಗ್ ಫಿಲ್ಟರಿನ ರಂಧ್ರ ಸಾಮಾನ್ಯವಾಗಿ 0.1ರಿಂದ 0.2 ಮೈಕ್ರಾನ್. ಇವೆಲ್ಲ ಸಿಕ್ಕಿಬೀಳ್ತವೆ. ಆದ್ರೆ ಹೆಪಟೈಟಿಸ್ ಎ ವೈರಸ್ ಸುಮಾರು 0.03 ಮೈಕ್ರಾನ್. ಬಾಗಿಲು ತೆರೆದೇ ಇದೆ.

ನನ್ನ ಫಿಲ್ಟರ್ ಡಬ್ಬಿ ಮೇಲೆ 0.1 ಮೈಕ್ರಾನ್ ಅಂತ ದೊಡ್ಡದಾಗಿ ಇತ್ತು. ಅದು ಸುಳ್ಳು ಹೇಳಿರಲಿಲ್ಲ. ನಾನು ಅರ್ಥ ಮಾಡ್ಕೊಂಡಿರಲಿಲ್ಲ.

ಭಾಗ 6/9: ಸೈನಿಕನ ಬಾಯಾರಿಕೆ

ಫಿಲ್ಟರನ್ನ ಮನೆಯಿಂದ ಹೊರಗೆ, ನಡೆಯೋ ಜನರ ಜೊತೆ ಕಳಿಸಿದ್ದು ಟ್ರೆಕ್ಕರ್‌ಗಳಿಗಿಂತ ಮೊದಲು ಸೈನ್ಯಗಳು.

1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಬೋಯರ್‌ಗಳಿಗೂ ಯುದ್ಧ. ಬ್ರಿಟಿಷರ ಕಡೆ ಸತ್ತವರು ಸುಮಾರು 22,000. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನ ಕೊಂದಿದ್ದು ಗುಂಡಲ್ಲ, ರೋಗ. ಮುಖ್ಯವಾಗಿ ಟೈಫಾಯ್ಡ್. 1900ರ ಮಾರ್ಚ್ ಕೊನೆಯಲ್ಲಿ ಬ್ಲೂಮ್‌ಫಾಂಟೇನ್ ಊರಿನ ನೀರು ಸರಬರಾಜು ಕೇಂದ್ರ ಬೋಯರ್‌ಗಳ ಕೈಗೆ ಹೋಯ್ತು. ಸೈನಿಕರು ಸಿಕ್ಕ ಬಾವಿ ನೀರು ಕುಡಿದ್ರು. ಆಸ್ಪತ್ರೆಗಳು ತುಂಬಿ ತುಳುಕಿದವು. ಅಲ್ಲಿ ಡಾಕ್ಟರ್ ಆಗಿ ದುಡಿದವರಲ್ಲಿ ಒಬ್ಬರು ಶೆರ್ಲಾಕ್ ಹೋಮ್ಸ್ ಬರೆದ ಆರ್ಥರ್ ಕಾನನ್ ಡಾಯ್ಲ್.

ಕ್ಯಾಂಡಲ್ ಫಿಲ್ಟರ್‌ಗಳು ಆಗ ಇದ್ವು. ಆದ್ರೆ ಕೆಸರು ನೀರಿಗೆ ಕ್ಯಾಂಡಲ್ ಬೇಗ ಕಟ್ಟುತ್ತೆ, ಬಿದ್ರೆ ಬಿರುಕು ಬಿಡುತ್ತೆ. ಮೈಲಿಗಟ್ಟಲೆ ನಡೆದು ಗಂಟಲು ಒಣಗಿದವನು ಫಿಲ್ಟರ್ ತೊಟ್ಟಿಕ್ಕೋವರೆಗೂ ಕಾಯ್ತಾನಾ? ನಾವೇ ಕಾಯಲ್ಲ.

ಅದಕ್ಕೇ ಸೈನ್ಯಗಳು ಇನ್ನೊಂದು ದಾರಿ ಹಿಡಿದ್ವು: ಕ್ಲೋರಿನ್. ಅಮೆರಿಕದ ಸೇನಾ ಡಾಕ್ಟರ್ ವಿಲಿಯಂ ಲಿಸ್ಟರ್ 1915ರ ಹೊತ್ತಿಗೆ ಕ್ಯಾನ್ವಾಸ್ ಚೀಲದಲ್ಲಿ ನೀರು ತುಂಬಿ ಬ್ಲೀಚಿಂಗ್ ಜಾತಿಯ ಪುಡಿ ಹಾಕೋ ವಿಧಾನ ತಂದ್ರು. ಮೊದಲ ಮಹಾಯುದ್ಧದ ಕೊನೆ ಭಾಗದಲ್ಲಿ ಹ್ಯಾಲಜೋನ್ ಮಾತ್ರೆ ಬಂತು. ಒಬ್ಬ ಸೈನಿಕ, ಒಂದು ಬಾಟಲಿ, ಒಂದೆರಡು ಮಾತ್ರೆ. ಇವತ್ತು ಮೆಡಿಕಲ್ ಶಾಪಲ್ಲಿ ಸಿಗೋ ಕ್ಲೋರಿನ್ ಮಾತ್ರೆ ಇದೇ ವಂಶದ್ದು.

ಕ್ಲೋರಿನ್ ವೈರಸ್ ಮತ್ತು ಬ್ಯಾಕ್ಟೀರಿಯಾ ಎರಡನ್ನೂ ಕೊಲ್ಲುತ್ತೆ. ಆದ್ರೆ ಕ್ರಿಪ್ಟೋಸ್ಪೊರಿಡಿಯಂ ಅದಕ್ಕೆ ಜಗ್ಗಲ್ಲ. ಅಂದ್ರೆ ಫಿಲ್ಟರ್ ಬಿಟ್ಟದ್ದನ್ನ ಮಾತ್ರೆ ಹಿಡಿಯುತ್ತೆ, ಮಾತ್ರೆ ಬಿಟ್ಟದ್ದನ್ನ ಫಿಲ್ಟರ್ ಹಿಡಿಯುತ್ತೆ. ಜರ್ನಲ್ ಎಂಟ್ರಿ ಥರ, ಡೆಬಿಟ್ ಕ್ರೆಡಿಟ್ ಎರಡೂ ಬೇಕು.

ಭಾಗ 7/9: ಕಿಡ್ನಿಯಿಂದ, ಕೊರಳಿಂದ

ಇವತ್ತಿನ ಬ್ಯಾಗ್ ಫಿಲ್ಟರಿಗೆ ಇಬ್ಬರು ಪೂರ್ವಜರು.

ಒಬ್ಬರು ಆಸ್ಪತ್ರೆಯವರು. 1960ರ ದಶಕದಲ್ಲಿ ಅಮೆರಿಕದ ಡೌ ಕೆಮಿಕಲ್ ಕಂಪನಿಯಲ್ಲಿ ಟೊಳ್ಳು ಎಳೆಗಳ ಮೇಲೆ ಕೆಲಸ ನಡೀತು. ಶಾವಿಗೆಗಿಂತ ಸಣ್ಣ ಎಳೆ, ಒಳಗೆ ಪೊಳ್ಳು, ಗೋಡೆ ತುಂಬಾ ಕಣ್ಣಿಗೆ ಕಾಣದ ರಂಧ್ರ. ಸಾವಿರಾರು ಎಳೆ ಕಟ್ಟು ಕಟ್ಟಿದ್ರೆ ಅಂಗೈಯಷ್ಟು ಜಾಗದಲ್ಲೇ ಸೋಸೋ ಗೋಡೆ ಎಷ್ಟೋ ಪಟ್ಟು ದೊಡ್ಡದಾಗುತ್ತೆ. ಕಿಡ್ನಿ ಕೆಟ್ಟವರ ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಸೋಸೋದು ಇಂಥ ಎಳೆಗಳೇ. ಅದೇ ಬಗೆಯ ಎಳೆ, ಬೇರೆ ಅಳತೆಯ ರಂಧ್ರದೊಂದಿಗೆ, ನಮ್ಮ ಹಾಲೋ ಫೈಬರ್ ಫಿಲ್ಟರಿಗೆ ಬಂತು. ತೂಕ ಒಂದು ಸೇಬಿಗಿಂತ ಕಡಿಮೆ.

ಇನ್ನೊಬ್ಬರು ಅಜ್ಜಿಯ ಅರಿವೆಯ ವಂಶದವರು. ನಾರು ಹುಣ್ಣು ಆಫ್ರಿಕಾದಲ್ಲಿ ಇನ್ನೂ ಇತ್ತು. ಮನೇಲಿ ಕೊಡಕ್ಕೆ ಬಟ್ಟೆ ಕಟ್ಟಬಹುದು. ಆದ್ರೆ ದನ ಕಾಯ್ತಾ ದಿನಗಟ್ಟಲೆ ತಿರುಗೋರು ಏನು ಮಾಡಬೇಕು? ಅವರಿಗೆ ಒಂದು ಚಿಕ್ಕ ಪೈಪ್ ಕೊಟ್ರು. ತುದೀಲಿ ಸೂಕ್ಷ್ಮ ಜಾಲರಿ, ಕೊರಳಿಗೆ ಹಾಕ್ಕೊಳ್ಳೋಕೆ ದಾರ. ಕೆರೆಗೆ ಬಗ್ಗಿ ಪೈಪಲ್ಲೇ ಹೀರಿದ್ರೆ ಆಯ್ತು. ಸುಡಾನ್‌ನಲ್ಲಿ ಇಂಥ ಪೈಪ್ ಲಕ್ಷಗಟ್ಟಲೆ ಹಂಚಿದ್ರು. ಕಾರ್ಟರ್ ಸೆಂಟರ್ ಜೊತೆ ಈ ಕೆಲಸ ಮಾಡಿದ ವೆಸ್ಟರ್‌ಗಾರ್ಡ್ ಕಂಪನಿ 2005ರಲ್ಲಿ ಲೈಫ್‌ಸ್ಟ್ರಾ ತಂತು. ರೀಲ್ಸಲ್ಲಿ ಯಾರೋ ಹೊಳೆಗೆ ಬಗ್ಗಿ ಸ್ಟ್ರಾದಲ್ಲಿ ಹೀರ್ತಾರಲ್ಲ, ಆ ಸ್ಟೈಲಿನ ಮೂಲ ದನ ಕಾಯೋರ ಕೊರಳು.

1986ರಲ್ಲಿ ಜಗತ್ತಲ್ಲಿ ನಾರು ಹುಣ್ಣು ಅಂದಾಜು 35 ಲಕ್ಷ ಜನಕ್ಕೆ ಇತ್ತು. 2023ರಲ್ಲಿ 14 ಜನಕ್ಕೆ. ಲಕ್ಷ ಅಲ್ಲ, ಬರೀ ಹದಿನಾಲ್ಕು.

ಭಾಗ 8/9: ಕೊಳ್ಳೋ ಮೊದಲು

ಇತಿಹಾಸ ಸಾಕು, ಯಾವುದು ತಗೋಳೋಣ ಹೇಳು ಅಂತೀರಾ? ಉತ್ತರ ಇತಿಹಾಸದಲ್ಲೇ ಇದೆ. ‘ಯಾವ ಫಿಲ್ಟರ್ ಬೆಸ್ಟ್’ ಅನ್ನೋದಕ್ಕಿಂತ ಮೊದಲು ‘ನನ್ನ ನೀರಲ್ಲಿ ಏನಿರಬಹುದು’ ಅಂತ ಕೇಳಿ.

ಮೇಲೆ ಮನೆ, ಹೋಮ್‌ಸ್ಟೇ, ಟೆಂಟ್, ದನ ಇದ್ರೆ ವೈರಸ್ ಬ್ಯಾಕ್ಟೀರಿಯಾ ಎರಡೂ ಇದೆ ಅಂತಲೇ ಅಂದ್ಕೊಳ್ಳಿ. ಫಿಲ್ಟರ್ ಮಾಡಿ, ಆಮೇಲೆ ಕ್ಲೋರಿನ್ ಮಾತ್ರೆ ಹಾಕಿ, ಚೀಟಿಯಲ್ಲಿ ಬರೆದಷ್ಟು ಹೊತ್ತು ಕಾಯಿರಿ. ಸ್ಟೌ ಇದ್ರೆ ಚೆನ್ನಾಗಿ ಒಂದು ನಿಮಿಷ ಕುದಿಸಿದ್ರೂ ಸಾಕು. 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ.

ಡಬ್ಬಿ ಮೇಲೆ ‘ಪ್ಯೂರಿಫೈಯರ್’ ಅಂತಿದ್ದು, ವೈರಸ್ ತೆಗೆಯುತ್ತೆ ಅಂತ ಸ್ಪಷ್ಟವಾಗಿ ಬರೆದಿದ್ರೆ ಮಾತ್ರ ನಂಬಿ. ಬರೀ ‘ಫಿಲ್ಟರ್’ ಅಂದ್ರೆ ಸಾಮಾನ್ಯವಾಗಿ ವೈರಸ್ ದಾಟುತ್ತೆ.

ಸ್ಟ್ರಾ ಹಗುರ, ಆದ್ರೆ ಅದರಲ್ಲಿ ನೀರು ಹೊತ್ಕೊಂಡು ಹೋಗೋಕಾಗಲ್ಲ. ಹಿಂಡೋ ಚೀಲದ ಫಿಲ್ಟರ್ ಇಬ್ಬರು ಮೂವರಿಗೆ ಸರಿ. ಸೆರಾಮಿಕ್ ಪಂಪ್ ಭಾರ, ದುಬಾರಿ, ಆದ್ರೆ ಕಟ್ಟಿದಾಗ ಮೇಲ್ಮೈ ಉಜ್ಜಿ ಮತ್ತೆ ಬಳಸಬಹುದು. ಗುಂಪು ದೊಡ್ಡದಿದ್ರೆ ಮೇಲೆ ತೂಗುಹಾಕೋ ಚೀಲ ಒಳ್ಳೇದು, ನೀರು ತಾನೇ ಇಳಿಯುತ್ತೆ.

ಒಂದು ಎಚ್ಚರಿಕೆ: ತೋಟಕ್ಕೆ ಹೊಡೆದ ಕೀಟನಾಶಕ, ಬೋರ್‌ವೆಲ್ಲಿನ ಫ್ಲೋರೈಡ್ ಇವನ್ನ ಈ ಎಳೆಗಳು ತೆಗೆಯಲ್ಲ, ಕುದಿಸಿದ್ರೂ ಹೋಗಲ್ಲ. ಅಂಥ ಕಡೆ ಬೇರೆ ನೀರು ಹುಡುಕೋದೇ ದಾರಿ.

ಭಾಗ 9/9: ಕೆಂಪು ದಾರ

ಬಿಕಾಂ ಭಾಷೇಲಿ ಹೇಳ್ತೀನಿ. ಫಿಲ್ಟರ್ ಕೊಂಡ ದಿನ ಅದು ಅಸೆಟ್. ಮೇಂಟೆನೆನ್ಸ್ ಇಲ್ಲದಿದ್ರೆ ಮುಂದಿನ ಟ್ರೆಕ್ ಹೊತ್ತಿಗೆ ಲಯಬಿಲಿಟಿ.

ಕೆಸರು ನೀರನ್ನ ಮೊದಲು ಪಾತ್ರೇಲಿ ಬಿಟ್ಟು ತಿಳಿಯಾಗಿಸಿ, ಬಟ್ಟೇಲಿ ಸೋಸಿ, ಆಮೇಲೆ ಫಿಲ್ಟರಿಗೆ ಹಾಕಿ. ನೀರು ನಿಧಾನ ಆಯ್ತು ಅಂತ ಜೋರಾಗಿ ಹಿಂಡಬೇಡಿ. ಹಾಲೋ ಫೈಬರ್ ಆದ್ರೆ ಸಿರಿಂಜಲ್ಲಿ ಶುದ್ಧ ನೀರನ್ನ ಹಿಂದಿನಿಂದ ಒತ್ತಿ ತೊಳೀರಿ. ಮನೆಗೆ ಬಂದ ಮೇಲೆ ಮತ್ತೆ ತೊಳೆದು, ಕಂಪನಿ ಚೀಟಿಯಲ್ಲಿ ಹೇಳಿದಷ್ಟೇ ಬ್ಲೀಚ್ ನೀರು ಹಾಯಿಸಿ, ಪೂರ್ತಿ ಒಣಗಿಸಿ ಇಡಿ. ಒದ್ದೆ ಫಿಲ್ಟರನ್ನ ಬ್ಯಾಗಲ್ಲೇ ಮರೆತು ಆರು ತಿಂಗಳಾದ ಮೇಲೆ ಬಾಯಿಗಿಡಬೇಡಿ. ನಾನು ಮೊದಲು ಅದನ್ನೇ ಮಾಡ್ತಿದ್ದೆ.

ಹಿಮಾಲಯಕ್ಕೆ ಹೋಗೋರು ಆಲ್ಟೋನಾ ನೆನಪಿಡಿ. ಒಳಗಿನ ನೀರು ಹೆಪ್ಪುಗಟ್ಟಿದ್ರೆ ಎಳೆ ಒಡೆಯುತ್ತೆ, ಹೊರಗಿಂದ ಏನೂ ಕಾಣಲ್ಲ. ರಾತ್ರಿ ಸ್ಲೀಪಿಂಗ್ ಬ್ಯಾಗಲ್ಲಿ ಇಟ್ಕೊಂಡು ಮಲಗಿ. ಹೆಪ್ಪುಗಟ್ಟಿದೆ ಅಂತ ಅನುಮಾನ ಬಂದ್ರೂ ಬಿಸಾಕಿ. ಸೆರಾಮಿಕ್ ಕ್ಯಾಂಡಲ್ ಕೈಜಾರಿ ಬಿದ್ರೆ ಬಿರುಕು ನೋಡಿ, ಕಂಡ್ರೆ ಅದೂ ಮುಗೀತು.

ಕೊನೇದು, ಎಲ್ಲಕ್ಕಿಂತ ಮುಖ್ಯವಾದದ್ದು. ಆ ದಿನದ ಫೋಟೋಗಳನ್ನ ಮತ್ತೆ ದೊಡ್ಡದು ಮಾಡಿ ನೋಡಿದೆ. ಹಳ್ಳದ ನೀರು ತುಂಬಿದ ಬಾಟಲಿ, ಸೋಸಿದ ನೀರಿನ ಬಾಟಲಿ ಎರಡೂ ಒಂದೇ ಥರದ್ದು, ಒಂದೇ ಬಣ್ಣದ ಮುಚ್ಚಳ. ಒಂದು ಫೋಟೋದಲ್ಲಿ ನನ್ನ ಕೈಯಲ್ಲಿರೋದು ಯಾವುದು ಅಂತ ನನಗೇ ಗೊತ್ತಾಗಲಿಲ್ಲ. ವೈರಸ್ ರಂಧ್ರ ದಾಟಿತ್ತೋ, ನಾನೇ ಬಾಟಲಿ ಅದಲು ಬದಲು ಮಾಡಿದ್ನೋ, ಎರಡೂ ಅಲ್ಲವೋ, ಇನ್ನು ಯಾವತ್ತೂ ಗೊತ್ತಾಗಲ್ಲ.

ಈಗ ರೂಮ್‌ಮೇಟ್ ಆರಾಮಾಗಿದಾನೆ. ಆ ಎರಡು ಪೇಪರ್ ಈ ಸೆಮ್ ಬರೀತಿದಾನೆ. ನಾನು ಈ ಕಥೆ ಎಲ್ಲ ಹೇಳಿ ‘ಸಾರಿ ಕಣೋ’ ಅಂದೆ. ‘ಮೊದಲು ಕಾಸ್ಟ್ ಅಕೌಂಟಿಂಗ್ ನೋಟ್ಸ್ ಕೊಡು, ಆಮೇಲೆ ಸಾರಿ ಕೇಳು’ ಅಂದ. ಕೊಟ್ಟೆ.

ಹೋದ ವಾರ ಊರಿಗೆ ಹೋದಾಗ ಅಜ್ಜಿ ಹತ್ರ ಕೆಂಪು ದಾರ ಇಸ್ಕೊಂಡು ಬಂದೆ. ಹಳ್ಳದ ನೀರಿನ ಬಾಟಲಿ ಕೊರಳಿಗೆ ಕಟ್ಟಿದೀನಿ. ಅಜ್ಜಿ ನೋಡಿ ನಕ್ಕು ‘ಈಗ ಬುದ್ಧಿ ಬಂತು ನೋಡು ತಮ್ಮಾ’ ಅಂದ್ರು.

ನಿಮ್ಮ ಬಾಟಲಿಗೂ ಒಂದು ಕಟ್ಕೊಳ್ಳಿ. ಟ್ರೆಕ್ ಗ್ಯಾಂಗಲ್ಲಿ ‘ಫಿಲ್ಟರ್ ಇದೆಯಲ್ಲ’ ಅನ್ನೋ ಒಬ್ಬ ಇದ್ದೇ ಇರ್ತಾನೆ. ಅವನಿಗೆ ಇದನ್ನ ಕಳಿಸಿ.

#ನೀರಿನಕಥೆ #ಟ್ರೆಕ್ಕಿಂಗ್ #ಇತಿಹಾಸ #ಕೆಂಪುದಾರ